ಹುಲ್ಲಿನೊಳಗಿನ ಮಚ್ಚು

ಜಟಕಾ ಇನ್ನಾಸಪ್ಪನಿಗೆ ಮೂರ್ಛೆರೋಗವಿದೆಯೆಂದು ಪತ್ತೆ ಮಾಡಿದ ಮಹಾನುಭಾವ ಷಡಕ್ಷರಿ. ಲಷ್ಕರ್ ಮೊಹಲ್ಲಾದ ಬಟ್ಟೆ ಅಂಗಡಿಯಲ್ಲಿ ಗಜಕಡ್ಡಿ ಹಿಡಿದು ಸಂಬಳ ಎಣಿಸುವವನಿಗೆ ತಾನು ಅರ್ಧ ಡಾಕ್ಟರೆಂಬ ಭ್ರಮೆ. ಎದುರಿನ ಜಟಕಾ ಸ್ಟ್ಯಾಂಡಿನಲ್ಲಿ ಇನ್ನಾಸಪ್ಪ ಮುದ್ದೆ ಮುಂದಿಟ್ಟುಕೊಂಡು, ಕಣ್ಣು ಮುಚ್ಚಿ ತುಟಿ ಅದುರಿಸುತ್ತಿದ್ದುದನ್ನು ಕಂಡವನೇ ಓಡಿಹೋಗಿ ಮುಖಕ್ಕೆ ನೀರೆರಚಿ, ಅಂಗಡಿಯ ಬೀಗದ ಕೈ ಗೊಂಚಲನ್ನು ಅವನ ಅಂಗೈಗೆ ತುರುಕಿದ. ಕಬ್ಬಿಣ ಹಿಡಿಸಿದರೆ ಮೂರ್ಛೆ ತಿಳಿಯುತ್ತದೆಂದು ಅಜ್ಜಿ ಹೇಳಿದ್ದಳು.

"ಊಟದ ಜಪ ಕಣೋ, ಬಡ್ಡೀಮಗನೆ!" ಇನ್ನಾಸಪ್ಪ ಗೊಂಚಲು ಎಸೆದ. "ನಾನು ಕಬ್ಬಿಣ ಹಿಡಿಯಾದ್ನ ಬುಟ್ಬುಟ್ಟಿವ್ನಿ."

ಅದು ನಿಜ. ಇನ್ನಾಸಪ್ಪ ಹುಟ್ಟಿನಿಂದ ಕ್ರೈಸ್ತ, ಅಭ್ಯಾಸದಿಂದ ರೌಡಿ. ಸರದಿ ತಪ್ಪಿಸಿ ಸವಾರಿ ಹತ್ತಿಸಿಕೊಂಡನೆಂದು ಇನ್ನೊಬ್ಬ ಜಟಕಾದವನಾದ ಮಹದೇವುವಿನ ಎಡಗಿವಿಯನ್ನು ಮಚ್ಚಿನಲ್ಲಿ ಹಾರಿಸಿ ಜೈಲಿಗೆ ಹೋಗಿದ್ದ. ಯೇಸುಸ್ವಾಮಿಯ ಶಿಷ್ಯ ಪೇತ್ರನೂ ಹೀಗೇ ಒಬ್ಬನ ಕಿವಿ ಕತ್ತರಿಸಿದ್ದ, ಸ್ವಾಮಿ ಅವನನ್ನು ಗದರಿಸಿದರು ಎಂದು ಅಲ್ಲಿಗೆ ಬರುತ್ತಿದ್ದ ಪಾದ್ರಿ ಹೇಳಿದರು. ಹೊರಬಂದ ಮೇಲೆ ಇನ್ನಾಸಪ್ಪ ಕುಡುಗೋಲು ಮುಟ್ಟದೆ ಕುದುರೆಯ ಹುಲ್ಲನ್ನೂ ಕೈಯಲ್ಲೇ ಕಿತ್ತು ತರುತ್ತಿದ್ದ.

"ನಿಮ್ಮ ತಲೆ ತೆಗೀತೀನಿ ಅಂತ ಮಹದೇವು ಬೀದಿಬೀದೀಲಿ ಸಾರ್ತಿದಾನೆ ಕಣ್ರೀ," ಎಂದ ಷಡಕ್ಷರಿ. "ಒಂದು ದೊಣ್ಣೆಯಾದ್ರೂ ಇಟ್ಕೊಳ್ಳಿ."

"ಅರ್ಧ ದೇವರನ್ನ, ಅರ್ಧ ದೊಣ್ಣೇನ ನಂಬಕ್ಕಾಯ್ತದಾ? ನಂಬಿದ್ರೆ ಪೂರ್ತಿ ನಂಬ್ಬೇಕು."

ಹಾಕಿದ ಬೀಗವನ್ನು ಮತ್ತೆ ಮತ್ತೆ ಜಗ್ಗಿ ನೋಡದೆ ಮನೆಗೆ ಹೋಗದ ಷಡಕ್ಷರಿಗೆ ಈ ಮಾತು ಜೀರ್ಣವಾಗಲಿಲ್ಲ. ಇನ್ನಾಸಪ್ಪನ ಲಾಯದ ಸೂರಿನಲ್ಲಿ ತುಕ್ಕು ಹಿಡಿಯುತ್ತಿದ್ದ ಮಚ್ಚನ್ನು ಕದ್ದು ತಂದು, ಜಟಕಾದಲ್ಲಿ ಸವಾರಿಗಳು ಕೂರುವ ಗೋಣಿಯ ಕೆಳಗಿನ ಹುಲ್ಲಿನಲ್ಲಿ ಹುದುಗಿಸಿಟ್ಟ. ದೇವರಿಗೊಂದು ಸಹಾಯ.

ಮಾರನೆಯ ಮಧ್ಯಾಹ್ನ ಮಹದೇವು ಬಂದ. ಮಾತಿಲ್ಲ, ಕತೆಯಿಲ್ಲ. ಇನ್ನಾಸಪ್ಪನ ಕಾಲು ಹಿಡಿದು ಜಟಕಾದಿಂದ ಕೆಳಕ್ಕೆಳೆದು ಭುಜಕ್ಕೆ ಚೂರಿ ಹಾಕಿದ. ರಕ್ತ ಕುದುರೆಯ ಹೊಟ್ಟೆಗೆ ಚಿಮ್ಮಿತು. ಕುದುರೆ ಮುಂಗಾಲೆತ್ತಿತು, ಗಾಡಿ ಪಕ್ಕಕ್ಕೆ ವಾಲಿ ಗೋಣಿ, ಹುಲ್ಲು, ಮಚ್ಚು ಎಲ್ಲ ಇನ್ನಾಸಪ್ಪನ ಮೊಣಕಾಲ ಬಳಿ ಸುರಿದವು.

ಹಳೆಯ ಕೈ ಹಳೆಯ ಹಿಡಿಯನ್ನು ಹುಡುಕಿಕೊಂಡಿತು. ಒಂದೇ ಒದೆತಕ್ಕೆ ಮಹದೇವು ಅಂಗಾತ ಬಿದ್ದ. ಎತ್ತಿದ ಮಚ್ಚು ಕಂಡು ಉಳಿದೊಂದು ಕಿವಿಯನ್ನು ಕೈಯಲ್ಲಿ ಮುಚ್ಚಿಕೊಂಡ.

"ಹಾಕ್ರೀ!" ಕುದುರೆಯ ಮರೆಯಿಂದ ಕೂಗಿದ್ದು, ಗಜಕಡ್ಡಿ ಝಳಪಿಸುತ್ತಿದ್ದ ವೀರ ಷಡಕ್ಷರಿ.

ಇನ್ನಾಸಪ್ಪ ಕಣ್ಣು ಮುಚ್ಚಿದ. ಮುದ್ದೆಯ ಮುಂದೆ ಅದುರುತ್ತಿದ್ದಂತೆಯೇ ತುಟಿ ಅದುರಿತು. ಮಚ್ಚನ್ನು ಚರಂಡಿಗೆ ಎಸೆದ.

ಮಹದೇವು ಎದ್ದವನೇ ಚೂರಿ ಬೀಸಿದ. ಇನ್ನಾಸಪ್ಪನ ಎರಡು ಬೆರಳು ಹುಲ್ಲಿನ ಮೇಲೆ ಉದುರಿದವು. ಆಮೇಲೆ ಸ್ಟ್ಯಾಂಡಿನವರು ಮುಗಿಬಿದ್ದು ಮಹದೇವುವಿನ ದವಡೆ ಮುರಿದರು, ಪಕ್ಕೆಲುಬಿಗೆ ಒದ್ದರು. ಕೊಂದೇ ಬಿಡುತ್ತಿದ್ದರು; ಇನ್ನಾಸಪ್ಪ ರಕ್ತ ಸುರಿಸುತ್ತಲೇ ಅವನ ಮೇಲೆ ಅಡ್ಡ ಬಿದ್ದು ಅರ್ಧ ಒದೆಗಳನ್ನು ತಾನೇ ತಿಂದ.

ಆಸ್ಪತ್ರೆಯಲ್ಲಿ ಷಡಕ್ಷರಿ, ಹುಲ್ಲಿನಲ್ಲಿ ಮಚ್ಚಿಟ್ಟವನು ತಾನೇ ಎಂದು ಒಪ್ಪಿಕೊಂಡ. ಆದರೂ ತಡೆಯಲಾರದೆ ಕೇಳಿಯೇಬಿಟ್ಟ: "ಅಷ್ಟು ನಂಬಿದ್ರಲ್ಲ, ಆಗ ಎಲ್ಲಿ ಹೋಗಿದ್ದ ನಿಮ್ಮ ದೇವರು?"

ಇನ್ನಾಸಪ್ಪ ಬ್ಯಾಂಡೇಜು ಸುತ್ತಿದ ಕೈಯನ್ನು ಅವನ ಮೂಗಿನ ಮುಂದೆ ಹಿಡಿದ.

"ಎತ್ತಿದ ಈ ಕೈನ ಹಿಡ್ಕೊಂಡಿದ್ದ. ಈ ಕೈಗೆ ಎರಡನೇ ಸಲಾನೂ ಕಬ್ಬಿಣ ಕೊಟ್ಟೋನು ನೀನು. ಬಾಯ್ಮುಚ್ಕೊಂಡು ಕೂತ್ಕೊ."