ನಮ್ಮ ಮನೆಗೆ ಬೊಂತೆ ಹೊಲಿಯುವ ಮಿಷನ್ ಬಂದದ್ದು

ನಾನು ಓದು ನಿಲ್ಲಿಸಿದ್ದು 1991ರಲ್ಲಿ, ಏಳನೇ ತರಗತಿಯ ನಡುವೆ. ಯಾರೂ ಬಿಡಿಸಲಿಲ್ಲ. ಶಾಲೆಗೆ ಹೋಗುವ ದಾರಿಯಲ್ಲಿ ಪಂಪಿನ ಮೋಟಾರ್ ಬಿಚ್ಚುವುದನ್ನು ನೋಡುತ್ತ ನಿಂತವನು ಮುಂದಕ್ಕೆ ಹೋಗಲಿಲ್ಲ, ಅಷ್ಟೇ. ಅಂದಿನಿಂದ ಸುಟ್ಟುಹೋದ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವುದೇ ನನ್ನ ಕೆಲಸ. ಕೊಡಿಗೇನಹಳ್ಳಿಯಲ್ಲಿ ಸ್ವಂತ ಅಂಗಡಿಯಿದೆ. ನಾನು ಸುತ್ತಿದ್ದು ವರ್ಷದೊಳಗೆ ಕೆಟ್ಟು ವಾಪಸು ಬಂದರೆ ಬಿಟ್ಟಿಯಾಗಿ ಸುತ್ತಿಕೊಡುತ್ತೇನೆ. ಹಾಗೆ ಬಂದದ್ದು ಬಹಳ ಕಡಿಮೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ.

ನನ್ನ ಹೆಂಡತಿಯದು ಬೊಂತೆ ಹೊಲಿಯುವ ಕೆಲಸ. ಹಳೆಯ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಸಾಲುಸಾಲಾಗಿ ಹೊಲಿಗೆ ಹಾಕಿ ಮಾಡುವ ಹೊದಿಕೆ ಅದು. ನಮ್ಮ ಕಡೆ ಆಗತಾನೆ ಹುಟ್ಟಿದ ಮಗುವನ್ನು ಹೊಸ ಬಟ್ಟೆಯ ಮೇಲೆ ಮಲಗಿಸುವುದಿಲ್ಲ. ಅಜ್ಜಿಯೋ ದೊಡ್ಡಮ್ಮನೋ ಉಟ್ಟು ಒಗೆದು ಮೆತ್ತಗಾದ ಸೀರೆಯೇ ಆಗಬೇಕು. ಹಾಗಾಗಿ ಬೀದಿಯಲ್ಲಿ ಯಾರು ಬಸುರಿಯಾದರೂ ಹಳೆ ಸೀರೆಯ ಒಂದು ಗಂಟು ನಮ್ಮ ಜಗಲಿಗೆ ಬರುತ್ತಿತ್ತು. ಹೊಲಿದು ಮುಗಿದ ಮೇಲೆ ಅವಳು ಒಂದು ಮೂಲೆಯಲ್ಲಿ ಸಣ್ಣದೊಂದು ಬಳ್ಳಿಯನ್ನೋ ಹೂವನ್ನೋ ದಾರದಲ್ಲಿ ತೆಗೆಯುತ್ತಿದ್ದಳು. ಯಾರೂ ಕೇಳದಿದ್ದರೂ ತೆಗೆಯುತ್ತಿದ್ದಳು.

ಹೋದ ವರ್ಷ ಅವಳ ಬಲಗೈ ಮರಗಟ್ಟತೊಡಗಿತು. ಮಣಿಕಟ್ಟಿನ ನರ ಒತ್ತಿಕೊಂಡಿದೆ, ಸೂಜಿ ಹಿಡಿಯಬೇಡಿ ಎಂದು ಮಧುಗಿರಿಯ ಡಾಕ್ಟರು ಹೇಳಿದರು. ನಾಲ್ಕು ತಿಂಗಳು ಗಂಟುಗಳು ಬಿಚ್ಚದೆ ಬಿದ್ದವು. ಅವಳು ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಟಿ.ವಿ. ಮುಂದೆ ಕೂತಿರುವುದನ್ನು ನನ್ನಿಂದ ನೋಡಲಾಗಲಿಲ್ಲ.

"ಒಂದು ಮಿಷನ್ ತಂದ್ಬುಡೋಣ" ಎಂದೆ.

"ತರಂಗಿದ್ರೆ ಹೂವಾನೂ ತೆಗಿಯಂಗಿರ್ಬೇಕು. ಬರೀ ಗೀಟು ಎಳಿಯೋದಾದ್ರೆ ಬ್ಯಾಡ."

ನಮ್ಮ ಕೈಯಲ್ಲಿದ್ದ ದುಡ್ಡಿಗೆ ಬರುತ್ತಿದ್ದುದು ಒಂದೇ ಮಿಷನ್. ತಪ್ಪು ಮಿಷನ್ ತಂದರೆ ಅವಳ ಕೆಲಸ ಅಲ್ಲಿಗೆ ಮುಗಿದಂತೆ.

ಒಂದು ತಿಂಗಳು ಫೋನಿನಲ್ಲಿ ವಿಡಿಯೋ ನೋಡಿದೆ. ಪುಟ್ಟ ಪರದೆಯಿರುವ, ಗುಂಡಿ ಒತ್ತಿದರೆ ಹೂವಿನ ಸಾಲನ್ನು ತಾನೇ ಹೊಲಿಯುವ ಒಂದು ಮಾದರಿಯನ್ನು ಮನಸ್ಸಿನಲ್ಲೇ ಗೊತ್ತುಮಾಡಿದೆ. ಮೋಟಾರಿನ ವಿಷಯದಲ್ಲಿ ನನಗೆ ಯಾರು ಹೇಳಿಕೊಡಬೇಕು? ಮಧುಗಿರಿಯಲ್ಲಿ ಬಸ್ಸು ಬದಲಿಸಿ ಇಬ್ಬರೂ ಶಿರಾಕ್ಕೆ ಹೋದೆವು. ಅವಳ ತೊಡೆಯ ಮೇಲೆ ಒಂದು ವೈರ್ ಬ್ಯಾಗಿತ್ತು. ಬುತ್ತಿ ಇರಬೇಕು ಅಂದುಕೊಂಡೆ.

ಅಂಗಡಿಯ ಹಿರಿಯರು ಬಿಳಿ ಗಡ್ಡದ ಸಾಬ್ರು. ನಾನು ಹೇಳಿದ ಮಾದರಿಯನ್ನೇ ಮೇಜಿನ ಮೇಲಿಟ್ಟು, ಗಂಜಿ ಹಾಕಿದ ಹೊಸ ಬಿಳಿ ಬಟ್ಟೆಯೊಂದನ್ನು ಒಳಗೆ ಬಿಟ್ಟರು. ಸರಸರ ಹೂವು ಬಂದವು. ನಾನು ಕಿವಿಯಿಟ್ಟು ಕೇಳಿದೆ. ಪರದೆಯ ಇಂಗ್ಲಿಷನ್ನು ಓದಿಕೊಂಡವನಂತೆ ತಲೆಯನ್ನೂ ಆಡಿಸಿದೆ.

"ಮೋಟಾರ್ ಚೆನ್ನಾಗೈತೆ. ಕಟ್ಕೊಡಿ."

"ಒಸಿ ತಡ್ಕಳಿ" ಎಂದಳು ಹೆಂಡತಿ. ಬ್ಯಾಗಿನಿಂದ ಅವಳು ತೆಗೆದದ್ದು ಬುತ್ತಿಯಲ್ಲ, ಅರ್ಧ ಹೊಲಿದು ಬಿಟ್ಟಿದ್ದ ಬೊಂತೆ. ಆರು ಪದರದ್ದು.

ನನಗೆ ಅವಮಾನವಾಯಿತು. "ಲೇ, ಅಂಗಡೀಲಿ ಹಳೆ ಬಟ್ಟೆ ಬಿಚ್ಬ್ಯಾಡ ಕಣೆ. ಏನಂದ್ಕಂಡಾರು?"

"ಏನಾನ ಅಂದ್ಕಳ್ಳಿ. ನಾನು ಹೊಲಿಯೋದು ಇದನ್ನ ತಾನೆ? ಅವ್ರ ಗಂಜಿ ಬಟ್ಟೆ ತಗಂಡು ನಾನೇನ್ ಮಾಡ್ಲಿ?"

ಸಾಬ್ರು ನಕ್ಕರು. "ಸರಿಯಾಗಿ ಹೇಳಿದ್ರಿ ಅಮ್ಮಾ. ಯಜಮಾನ್ರು ಹೆಣ್ಣು ನೋಡೋಕೆ ಬಂದು ಪೌಡರ್ ಒಪ್ಕೊಂಡ್ಬುಟ್ರು."

ಬೊಂತೆಯ ಅಂಚನ್ನು ಸೂಜಿಯ ಕೆಳಗಿಟ್ಟು ಚಾಲೂ ಮಾಡಿದರು. ಎರಡು ಹೊಲಿಗೆ ಬಿತ್ತು. ಆಮೇಲೆ ಮಿಷನ್ ಒಂದೇ ಸಮನೆ ಗುಂಯ್‌ಗುಟ್ಟಿತು, ಸೂಜಿ ಟಕ್ಕೆಂದು ಮುರಿಯಿತು. ಆ ಸದ್ದು ನನಗೆ ಮೂವತ್ತು ವರ್ಷದಿಂದ ಗೊತ್ತು. ಭಾರ ಬಿದ್ದು ತಿರುಗಲಾರದೆ ಒದ್ದಾಡುವ ಮೋಟಾರಿನ ಸದ್ದು ಅದು. ಅಂಗಡಿಗೆ ಬರುವ ರೈತರಿಗೆ ದಿನಕ್ಕೆ ನಾಲ್ಕು ಸಲ ಹೇಳುವವನು ನಾನು: ಸುಮ್ಮನೆ ತಿರುಗಿದ್ದನ್ನು ನೋಡಿ ಚೆನ್ನಾಗಿದೆ ಅನ್ನಬೇಡಿ, ನೀರೆತ್ತಿಸಿ ನೋಡಿ. ಅದನ್ನೇ ಮರೆತು, ಬರಿದೇ ತಿರುಗುವ ಮೋಟಾರಿಗೆ ತಲೆಯಾಡಿಸಿದ್ದೆ.

"ತಪ್ಪಾಯ್ತು ಕಣೆ. ನೀನೇ ನೋಡು" ಎಂದೆ. ಈ ಮಾತು ನನ್ನ ಬಾಯಲ್ಲಿ ಸುಲಭಕ್ಕೆ ಬರುವಂಥದ್ದಲ್ಲ.

ಆಗ ಸಾಬ್ರು ಹಿಂದಿನ ಸಾಲಿನಿಂದ ಕಬ್ಬಿಣದ ಮೈಯ ಒಂದು ಮಿಷನ್ ಎತ್ತಿಸಿದರು. ಪರದೆಯಿಲ್ಲ. ತಿರುಗಿಸುವ ಎರಡು ಗುಂಡಿ, ಅವುಗಳ ಮೇಲೆ ಅಂಕಿ. ಬೆಲೆ ಮೊದಲಿನದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಆರು ಪದರವನ್ನು ಅದು ಕಡಕಡನೆ ದಾಟಿಕೊಂಡು ಹೋಯಿತು. ನಾನು ಅಂಚನ್ನು ಮಡಿಸಿ ಹನ್ನೆರಡು ಪದರ ಮಾಡಿ ಕೊಟ್ಟೆ. ಅದನ್ನೂ ದಾಟಿತು.

"ಹೂವು?" ಎಂದಳು ಅವಳು.

ಸಾಬ್ರು ಪಕ್ಕದ ಸಣ್ಣ ಕಡ್ಡಿಯೊಂದನ್ನು ಸರಿಸಿದರು. ಬಟ್ಟೆಯನ್ನು ಹಿಂದಕ್ಕೆ ತಳ್ಳುವ ಹಲ್ಲು ಕೆಳಗಿಳಿಯಿತು. "ಈಗ ಮಿಷನ್ ಬಟ್ಟೆ ತಳ್ಳೋದಿಲ್ಲ ಅಮ್ಮಾ. ನಿಮ್ಮ ಕೈ ಹೆಂಗೆ ಆಡ್ತದೋ ಹೊಲಿಗೆ ಅಂಗೆ ಬೀಳ್ತದೆ. ಹೂವು ಇದು ಹಾಕಲ್ಲ, ನೀವೇ ಹಾಕ್ಬೇಕು."

ಮೊದಲು ಬಂದದ್ದು ಹುಳ ಹರಿದಂತೆ ಸೊಟ್ಟಸೊಟ್ಟ ಗೆರೆ. ಅದರ ಪಕ್ಕದಲ್ಲೇ ಇನ್ನೊಂದು. ನಾಲ್ಕನೆಯ ಸಲಕ್ಕೆ ಒಂದು ಕಡ್ಡಿ, ಕಡ್ಡಿಯ ಎರಡೂ ಬದಿಗೆ ಹುಣಸೆ ಎಲೆಯ ಸಾಲು ಮೂಡಿತು.

"ಕೈ ನೋಯ್ತದಾ?" ಎಂದೆ.

"ಇಲ್ಲ ಕಣ್ರೀ. ಅಂಗೈ ಇಟ್ಟು ನೂಕೋದಷ್ಟೇಯ" ಎಂದಳು, ಕಣ್ಣೆತ್ತದೆ. ಅಂಗಡಿಯಲ್ಲಿ ನಾವಿದ್ದೇವೆ ಎನ್ನುವುದೇ ಅವಳಿಗೆ ಮರೆತಂತಿತ್ತು. ಅದನ್ನೇ ಕಟ್ಟಿಸಿಕೊಂಡೆವು.

ಮನೆಗೆ ಬಂದ ಮೇಲೆ ಇನ್ನೊಂದು ತೊಡಕು. ಕೈಯಲ್ಲಿ ಹೊಲಿಯುವಾಗ ಬೊಂತೆಯನ್ನು ಹೊರಗಿನ ಅಂಚಿನಿಂದ ಶುರುಮಾಡಿ, ಸುತ್ತು ಸುತ್ತಾಗಿ ನಡುವಿಗೆ ಬಂದು ಮುಗಿಸುವುದು ರೂಢಿ. ಹೊಸದೊಂದು ಗಂಟು ಬಿಚ್ಚಿ ಅವಳು ಮಿಷನ್ನಿನಲ್ಲೂ ಹಾಗೇ ಹೊರಟಳು. ಐದನೆಯ ಸುತ್ತಿಗೆ ಅಷ್ಟೂ ಬಟ್ಟೆ ಮಿಷನ್ನಿನ ತೋಳಿನ ಕೆಳಗೆ ಮೂಟೆಯಂತೆ ಸಿಕ್ಕಿಕೊಂಡು, ನಡುವೆಲ್ಲ ಉಬ್ಬಿ ನೆರಿಗೆ ಬಿತ್ತು.

"ನಂಗೂ ಇದ್ಕೂ ಆಗಿಬರಲ್ಲ ಬುಡಿ" ಎಂದು ಎದ್ದಳು.

ನಾನು ಅದನ್ನು ನೆಲದ ಮೇಲೆ ಹರಡಿ ಬಹಳ ಹೊತ್ತು ನೋಡಿದೆ. ತಂತಿ ಸುತ್ತುವಾಗ ನಾವು ಒಳಗಿನ ಚಿಕ್ಕ ಸುತ್ತನ್ನು ಮೊದಲು ಮಾಡುತ್ತೇವೆ, ಹೊರಗಿನ ದೊಡ್ಡದು ಆಮೇಲೆ. "ನಡುವಿಂದ ಶುರು ಮಾಡ್ಕಂಡು ಆಚೆಗೆ ಬಾ" ಎಂದೆ.

"ಬೊಂತೆನ ನಡುವಿಂದ ಹೊಲ್ದೋರ್ನ ಎಲ್ಲಾನ ಕಂಡಿದೀರಾ? ನಮ್ಮವ್ವ ಇದ್ದಿದ್ರೆ ಉಗಿಯೋಳು."

"ನಿಮ್ಮವ್ವ ಮಿಷನ್ನಾಗೆ ಹೊಲ್ದಿದ್ಲಾ?"

ಅವಳಿಗೆ ನಗು ಬಂತು. ಹಾಕಿದ ಐದು ಸುತ್ತನ್ನೂ ಇಬ್ಬರೂ ಎದುರುಬದುರು ಕೂತು ಬ್ಲೇಡಿನಿಂದ ಬಿಚ್ಚಿದೆವು. ಎರಡು ಮಧ್ಯಾಹ್ನ ಹಿಡಿಯಿತು. ಆಮೇಲೆ ಬೊಂತೆಯ ಎರಡೂ ಬದಿಯನ್ನು ಚಾಪೆಯಂತೆ ಸುತ್ತಿ, ನಡುವಿನ ಪಟ್ಟಿಯನ್ನು ಮಾತ್ರ ಬಿಟ್ಟು ಸೂಜಿಯ ಕೆಳಗಿಟ್ಟಳು. ಸುರುಳಿ ಜಾರದಂತೆ ನಾನು ಆಚೆ ಬದಿಯಲ್ಲಿ ಹಿಡಿದು ಕೂತೆ. ಒಂದು ಸಾಲು ಮುಗಿದಂತೆ ಸುರುಳಿಯನ್ನು ಒಂದಿಷ್ಟು ಬಿಚ್ಚುತ್ತ ಹೊರಗೆ ಬಂದೆವು. ಎಲ್ಲೂ ನೆರಿಗೆ ಬೀಳಲಿಲ್ಲ. ಎದುರು ಮನೆಯ ಬಾಣಂತಿಯ ತೊಟ್ಟಿಲಿಗೆ ಅದೇ ಹೋಯಿತು, ಮೂಲೆಯಲ್ಲಿ ಹುಣಸೆ ಎಲೆಯ ಸಮೇತ.

ಈಗ ನಮ್ಮಲ್ಲಿರುವುದು ಇಷ್ಟು: ಮಿಷನ್ ಒಂದು, ಅದರ ಎದುರುಬದುರು ಸ್ಟೂಲು ಎರಡು, ದಾರ ಸುತ್ತುವ ಬಾಬಿನ್ ಹನ್ನೆರಡು. ಹೊಲಿದು ಕೊಟ್ಟ ಬೊಂತೆ ಒಂಬತ್ತು, ಸೂಜಿಯ ಕೆಳಗಿರುವುದು ಒಂದು, ಶುರುವಾಗಬೇಕಾದದ್ದು ಐದು.