ಹಿಂದಿನ ಗಾಲಿ

ಸತ್ತಿಯ ದನದ ದವಾಖಾನೆಯಲ್ಲಿ ಕಾಂಪೌಂಡರ್ ಆಗಿದ್ದ ಜ್ಞಾನದೇವ ಯಾವ ವಸ್ತುವನ್ನೂ ಮುಗಿಯಿತೆಂದು ಎಸೆದವನಲ್ಲ. ಅವನ ಮನೆಯ ಕೊಡೆಗೆ ಬಿದಿರಿನ ಹಿಡಿಕೆ, ಕುರ್ಚಿಯ ಒಂದು ಕಾಲಿಗೆ ತಂತಿಯ ಕಟ್ಟು. ರೇಡಿಯೊ ಎಡಕ್ಕೆ ವಾಲಿಸಿಟ್ಟರೆ ಮಾತ್ರ ಹಾಡುತ್ತಿತ್ತು, ಅದಕ್ಕೆಂದೇ ಗೂಡಿನಲ್ಲಿ ಒಂದು ಇಟ್ಟಿಗೆ ಇತ್ತು. ದನಗಳ ವಿಷಯದಲ್ಲೂ ಅವನದು ಅದೇ ಸ್ವಭಾವ. ಮನೆಯವರು ಆಸೆ ಬಿಟ್ಟ ಎಮ್ಮೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಅದರ ಕಿವಿಯ ಹಿಂದೆ ತುರಿಸುತ್ತ, “ತಡೀರಿ, ಇನ್ನೊಂದು ಸರ್ತಿ ನೋಡೂಣು” ಅನ್ನುತ್ತಿದ್ದ. ಎಷ್ಟೋ ಸಲ ಎಮ್ಮೆ ಎದ್ದು ನಿಲ್ಲುತ್ತಿತ್ತು. ಏಳದೆ ಹೋದ ದಿನ ಅವನು ರೊಟ್ಟಿ ಮುಟ್ಟುತ್ತಿರಲಿಲ್ಲ.

ಊರವರು ಅವನನ್ನು ಡಾಕ್ಟರ್ ಎಂದೇ ಕರೆಯುತ್ತಿದ್ದರು. “ನಾ ಡಾಕ್ಟರ್ ಅಲ್ಲಪಾ, ಕಾಂಪೌಂಡರ್” ಎಂದು ಅವನು ತಿದ್ದುತ್ತಿದ್ದ. ಯಾರೂ ಕೇಳುತ್ತಿರಲಿಲ್ಲ.

ಮಗಳು ಪ್ರಾಜಕ್ತಾ ಶಾಲೆಗೆ ಸೇರಿದ ವರ್ಷ ಕೊಂಡ ಮೋಟಾರ್‌ಸೈಕಲ್ಲು, ಅವಳು ಚಿಕ್ಕೋಡಿಯಲ್ಲಿ ಕಾಲೇಜು ಓದುವ ಹೊತ್ತಿಗೂ ಓಡುತ್ತಲೇ ಇತ್ತು. ಹೊಲದ ದಾರಿಗಳ ಜಾಲಿಮುಳ್ಳು ತಿಂದು ತಿಂದು ಹಿಂದಿನ ಟ್ಯೂಬಿನ ತುಂಬ ತೇಪೆಗಳಾಗಿದ್ದವು. ಟೈರಿನ ಗೆರೆಗಳೆಲ್ಲ ಸವೆದು, ಕೈಯಾಡಿಸಿದರೆ ಬದನೆಕಾಯಿ ಮುಟ್ಟಿದ ಹಾಗಾಗುತ್ತಿತ್ತು. ಹೆಂಡತಿ ಸುಂದರಾ ಅದನ್ನು ಬದಲಿಸಲು ಆಗಾಗ ಹೇಳುತ್ತಿದ್ದಳು. “ಗಾಳಿ ಹಿಡೀತೈತಲ್ಲ, ಮತ್ತೇನ ಬೇಕ ಅದಕ್ಕ?” ಎಂದು ಅವನು ನಗುತ್ತಿದ್ದ. ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಾತಾಡುವ ಸುಂದರಾ ಈಚೆಗೆ ಗಾಡಿಯ ಮೇಲೆ ಕೂತಾಗ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಗಾಳಿ ಹಿತವಾಗಿ ತಾಕುತ್ತದೆ, ಹೊಲಗಳನ್ನು ನೋಡುತ್ತ ಖುಷಿಯಲ್ಲಿ ಕೂತಿರುತ್ತಾಳೆ ಎಂದುಕೊಂಡಿದ್ದ ಜ್ಞಾನದೇವ.

2011ರಲ್ಲಿ, ದೀಪಾವಳಿ ಕಳೆದು ಕಬ್ಬಿನ ಹಂಗಾಮು ಶುರುವಾದಾಗ, ಏಕಸಂಬಿಯಲ್ಲಿದ್ದ ಸುಂದರಾಳ ತಮ್ಮ ನಿಲೇಶನ ಕೂಸಿಗೆ ಹೆಸರಿಡುವ ದಿನ ಬಂತು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ ಸುಂದರಾ. ಅವಳು ಕೂಸಿನ ತಲೆಗೆಂದು ತಾನೇ ಹೊಲಿದ ಕುಲಾಯಿಯನ್ನು ಚೀಲದಲ್ಲಿಟ್ಟುಕೊಂಡು, ಹೊಸ ಸೀರೆಯುಟ್ಟು, ಬೆಳಗಾಗುತ್ತಲೇ ಹಿಂದಿನ ಸೀಟಿನಲ್ಲಿ ಒಂದು ಬದಿಗೆ ಕೂತಳು. ಅಥಣಿ ದಾಟಿ, ಕಾಗವಾಡವನ್ನೂ ದಾಟಿ, ಕೃಷ್ಣೆಯ ಸೇತುವೆ ಇನ್ನೂ ಮುಂದಿದೆ ಅನ್ನುವಾಗ ಗಾಡಿಯ ಹಿಂಭಾಗ ಬಾಲ ಬೀಸಿದಂತೆ ಅತ್ತಿತ್ತ ಹೊಯ್ದಾಡಿತು. ಜ್ಞಾನದೇವ ಹೇಗೋ ಹಿಡಿದು ನಿಲ್ಲಿಸಿದ. ಗಾಲಿ ನೆಲಕ್ಕೆ ಅಂಟಿಕೊಂಡಿತ್ತು.

ಗಾಡಿ ನೂಕಿಕೊಂಡು ಸ್ವಲ್ಪ ದೂರ ಹೋದಾಗ ಬೇವಿನ ಮರದ ಕೆಳಗೆ ಬಾಳಾಸಾಬನ ಪಂಕ್ಚರ್ ಅಂಗಡಿ ಸಿಕ್ಕಿತು. ದಪ್ಪ ಮೀಸೆಯ, ಮೆಲ್ಲಗೆ ಮಾತಾಡುವ ಮನುಷ್ಯ. ಗಾಲಿ ಬಿಚ್ಚಿ ಟ್ಯೂಬು ಹೊರಗೆಳೆದವನು ಅದನ್ನು ನೀರಿನ ತೊಟ್ಟಿಯಲ್ಲಿ ಅದ್ದುವ ಮೊದಲೇ ಟೈರನ್ನು ಬೆಳಕಿಗೆ ಹಿಡಿದ. ಕಬ್ಬಿನ ಟ್ರ್ಯಾಲಿಯಿಂದ ಬಿದ್ದ ಯಾವುದೋ ಕಬ್ಬಿಣದ ಚೂರು ಟೈರಿನ ಬದಿಯನ್ನು ಸೀಳಿತ್ತು. ಒಳಗಿನ ನೂಲು ಕಾಣುತ್ತಿತ್ತು.

“ಸಾಹೇಬ್ರ, ಪಂಕ್ಚರ್ ತಗಿಯೂದ ದೊಡ್ಡ ಮಾತಲ್ಲ. ಈ ಟೈರ್ ಮುಗದೈತ್ರಿ.”

“ಗೇಟರ್ ಹಾಕಪಾ. ಒಳಗ ಹಳೇ ಟೈರಿನ ತುಣಕ ಇಟ್ರ ನಿಂದರತೈತಿ.”

“ಇಡ್ತೀನ್ರಿ. ಒಬ್ರ ಇದ್ರ ಹೆಂಗರ ಸಾವಕಾಶ ಹೋಗಬಹುದು. ಆದ್ರ ಬದಿ ಹರದೈತಿ. ವೈನಿನ್ನ ಹಿಂದ ಕೂಡಿಸ್ಕೊಂಡು ಸೇತುವಿ ಹತ್ತಬ್ಯಾಡ್ರಿ.”

“ಇಂಥವು ಎಷ್ಟ ನೋಡೇನಿ. ನೀ ಹಾಕು.”

ಬಾಳಾಸಾಬ ಸುಂದರಾಳ ಮುಖ ನೋಡಿದ. ಸುಂದರಾ ಟೈರಿನ ಸೀಳನ್ನು ನೋಡುತ್ತಿದ್ದಳು.

ಅಷ್ಟರಲ್ಲಿ ಕಬ್ಬಿನ ಗದ್ದೆಯ ಆಚೆಯಿಂದ ಒಬ್ಬ ಮುದುಕಿ ಏದುಸಿರು ಬಿಡುತ್ತ ಬಂದಳು. ಅಲ್ಲಿಯೇ ಹೊಲದ ಮನೆಯಲ್ಲಿ ಇರುವ ಶೇವಂತಾ. ಅವಳ ಎಮ್ಮೆ ನಸುಕಿನಿಂದ ತಿಣುಕುತ್ತಿತ್ತು, ಕರು ಹೊರಗೆ ಬರುತ್ತಿರಲಿಲ್ಲ. ಕಾಗವಾಡದಿಂದ ಯಾರನ್ನಾದರೂ ಕರೆತರಲು ಬಾಳಾಸಾಬನ ಸ್ಕೂಟರ್ ಸಿಗುತ್ತದೆಯೇ ಎಂದು ಕೇಳಲು ಬಂದಿದ್ದಳು.

“ಎಷ್ಟನೇ ಸೂಲ, ಮಾವಶಿ?” ಎಂದ ಜ್ಞಾನದೇವ. ಕೇಳುತ್ತಲೇ ಅಂಗಿಯ ತೋಳು ಮಡಚತೊಡಗಿದ್ದ.

“ಎಣಿಕಿ ಬಿಟ್ಟೇನಿ ತಮ್ಮಾ. ವಯಸ್ಸಾಗೇತಿ ಅದಕ್ಕ. ಮಗಾ ಅಂತೂ ಇದು ಉಳಿಯಂಗಿಲ್ಲ ಅನ್ನಾಕತ್ತಾನ.”

ಜ್ಞಾನದೇವ ಹೆಂಡತಿಯ ಕಡೆ ತಿರುಗಿದ. ತಡವಾಗುತ್ತದೆ, ಅಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲರೂ ಕಾಯುತ್ತಿರುತ್ತಾರೆ. ಅದು ಅವನಿಗೂ ಗೊತ್ತಿತ್ತು.

“ಹೋಗ್ರಿ,” ಎಂದಳು ಸುಂದರಾ. “ನಿಲೇಶಗ ನಾ ಫೋನ್ ಮಾಡ್ತೀನಿ.”

ಎಮ್ಮೆ ಕೊಟ್ಟಿಗೆಯಲ್ಲಿ ಕತ್ತು ಚಾಚಿ ಮಲಗಿತ್ತು. ಜ್ಞಾನದೇವ ಬಿಸಿನೀರು, ಸಾಬೂನು, ಶೇಂಗಾ ಎಣ್ಣೆ ತರಿಸಿಕೊಂಡ. ಅಂಗಿ ಕಳಚಿ, ಭುಜದವರೆಗೆ ತೊಳೆದು ಎಣ್ಣೆ ಸವರಿಕೊಂಡು ಒಳಗೆ ಕೈಯಾಡಿಸಿದ. ಕರುವಿನ ಒಂದು ಮುಂಗಾಲು ಹಿಂದಕ್ಕೆ ಮಡಚಿಕೊಂಡಿತ್ತು. ಎಮ್ಮೆ ತಿಣುಕಿದಾಗಲೆಲ್ಲ ಅವನ ತೋಳನ್ನು ಗಾಣಕ್ಕೆ ಕೊಟ್ಟಂತಾಗುತ್ತಿತ್ತು. ಅದು ಬಿಡುವು ಕೊಟ್ಟಾಗ ಕರುವನ್ನು ತುಸು ಒಳಕ್ಕೆ ನೂಕಿ ಗೊರಸು ಹುಡುಕುತ್ತಿದ್ದ. ಸಿಕ್ಕಿದ್ದು ಜಾರಿ ಹೋಗುತ್ತಿತ್ತು. “ಇನ್ನೊಂದು ಸರ್ತಿ, ಅವ್ವಾ, ಇನ್ನೊಂದು ಸರ್ತಿ” ಎಂದು ಎಮ್ಮೆಗೇ ಹೇಳುತ್ತಿದ್ದ. ಕಡೆಗೆ ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಕಾಲು ಎಳೆದು ನೆಟ್ಟಗೆ ಮಾಡಿದ. ಆಮೇಲೆ ಶೇವಂತಾಳ ಮಗ ಬಂದು ಕೈಜೋಡಿಸಿದ. ಕರು ಜಾರಿ ಹುಲ್ಲಿನ ಮೇಲೆ ಬಿತ್ತು. ಉಸಿರಿರಲಿಲ್ಲ. ಜ್ಞಾನದೇವ ಅದರ ಮೂಗು ಬಾಯಿ ಒರೆಸಿ, ಹಿಂಗಾಲು ಹಿಡಿದೆತ್ತಿ, ಒಣಹುಲ್ಲಿನಿಂದ ಎದೆಯನ್ನು ತಿಕ್ಕಿದ. ಅದು ಸೀನಿತು. ಎಮ್ಮೆ ಕತ್ತು ತಿರುಗಿಸಿ ಕರುವನ್ನು ನೆಕ್ಕಲು ತೊಡಗಿದಾಗ ಶೇವಂತಾ ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾ ಮಾಡಲು ಒಳಗೆ ಹೋದಳು.

ಬೆಲ್ಲದ ಚಹಾ ಕುಡಿದು ಹಗುರವಾಗಿ ನಡೆದು ಬಂದ ಜ್ಞಾನದೇವ ಅಂಗಡಿಯ ಮುಂದೆ ತಟ್ಟನೆ ನಿಂತ. ಅವನ ಗಾಡಿಗೆ ಕಡುಗಪ್ಪಗಿನ ಹೊಸ ಟೈರು ಬಂದಿತ್ತು. ಸುಂದರಾ ಬಾಳಾಸಾಬನನ್ನು ಕಾಗವಾಡಕ್ಕೆ ಕಳಿಸಿ, ಅವನು ಬರುವವರೆಗೆ ಅಂಗಡಿ ತಾನೇ ನೋಡಿಕೊಂಡು, ಸೈಕಲ್ಲಿನವನೊಬ್ಬನಿಗೆ ಗಾಳಿಯನ್ನೂ ಹೊಡೆದು ಕೊಟ್ಟಿದ್ದಳು.

“ಏನಿದು?”

“ಟೈರ್,” ಎಂದಳು ಸುಂದರಾ.

“ಗೇಟರ್ ಹಾಕಂತ ಹೇಳಿ ಹೋಗಿದ್ನಲ್ಲ. ಇನ್ನೊಂದು ವರ್ಷ ಹೋಗತಿತ್ತದು.”

“ಹೋಗತಿತ್ತೇನೋ. ಅಹೋ, ನೀವು ಮುಂದ ಕೂಡತೀರಿ. ಹಿಂದಿನ ಗಾಲಿ ಮ್ಯಾಲ ಕೂಡಾಕಿ ನಾನು.”

ಬಾಳಾಸಾಬ ತೊಟ್ಟಿಯಲ್ಲಿ ಕೈ ತೊಳೆಯುವ ನೆಪದಲ್ಲಿ ಬೆನ್ನು ತಿರುಗಿಸಿದ.

“ಹ್ವಾದ ಮಳಿಗಾಲದಾಗ ಹೊಳಿ ದಾರಿ ಇಳಕಲದಾಗ ಗಾಡಿ ಜಾರ್ತಲ್ಲ,” ಸುಂದರಾ ಮುಂದುವರಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ನೀವು ನಕ್ಕೋತ ಏನೂ ಆಗಿಲ್ಲ ಅಂದ್ರಿ. ಅವತ್ತಿನಿಂದ ಗಾಡಿ ಹತ್ತಿದ್ರ ಇಳಿಯೂ ತನಕ ನನ್ನ ಬಾಯಿ ಒಣಗಿರತೈತಿ.”

“ಮತ್ತ ಹೇಳಬೇಕಿಲ್ಲೋ?”

“ಟೈರ್ ಬದ್ಲಿ ಮಾಡ್ರಿ ಅಂತ ಹೇಳ್ತಿದ್ನಲ್ಲ. ಅಂಜಿಕಿ ಬರತೈತಿ ಅಂತ ಅಷ್ಟ ಹೇಳಲಿಲ್ಲ. ಹೇಳಿದ್ರ ನೀವು ನನ್ನ ಬಸ್ಸಿಗೆ ಕಳಸ್ತಿದ್ರಿ.”

ಹೌದು, ಕಳಿಸುತ್ತಿದ್ದ. ಬಸ್ಸಿಗೆ ಕಳಿಸಿ ತಾನೊಬ್ಬನೇ ಅದೇ ಟೈರಿನ ಮೇಲೆ ಹೋಗುತ್ತಿದ್ದ. ಅವಳು ಅಂಜುತ್ತಲೇ ಇಷ್ಟು ದಿನ ತನ್ನ ಹಿಂದೆ ಕೂತಿದ್ದಳೆಂಬುದು ಅವನಿಗೆ ಈಗ ತಿಳಿಯಿತು. ಬಾಯಿಲ್ಲದ ದನದ ನೋವನ್ನು ಕಣ್ಣಿನಲ್ಲೇ ಗುರುತಿಸುವವನಿಗೆ, ಬೆನ್ನಿಗೆ ತಾಗಿಕೊಂಡು ಕೂತವಳು ಯಾಕೆ ಮಾತಾಡುತ್ತಿಲ್ಲವೆಂದು ಒಮ್ಮೆಯೂ ಕೇಳಬೇಕೆನ್ನಿಸಿರಲಿಲ್ಲ.

ಅವನು ಕೂತು ಹೊಸ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. “ನಟ್ ಬಿಗಿ ಮಾಡೀಯಿಲ್ಲೋ, ಬಾಳಾಸಾಬ?” ಎಂದ.

“ಮಾಡೇನ್ರಿ. ವೈನಿ ಎರಡ ಸರ್ತಿ ಮಾಡಿಸ್ಯಾರ.”

ಹಳೆಯ ಟೈರನ್ನು ಬಿಟ್ಟು ಬರಲು ಅವನಿಗೆ ಮನಸ್ಸಾಗಲಿಲ್ಲ. ಒಂದು ಗಳಿಗೆ ಕೈಯಲ್ಲೇ ಹಿಡಿದು ನಿಂತಿದ್ದು, ಆಮೇಲೆ ಹೋಗಿ ಶೇವಂತಾಳ ಹುಲ್ಲಿನ ಬಣವಿಗೆ ಹೊದಿಸಿದ್ದ ತಾಡಪತ್ರಿ ಹಾರದಂತೆ ಅದರ ಮೇಲೆ ಇಟ್ಟು ಬಂದ. ಸುಂದರಾ ತಡೆಯಲಿಲ್ಲ. ಮುಂದೆ ಸೇತುವೆಯ ಮೇಲೆ ಅವಳು ಒಂದೇ ಸಮ ಮಾತಾಡಿದಳು. ಹೊಳೆಯಲ್ಲಿ ನೀರು ಎಷ್ಟು ಇಳಿದಿದೆ, ಕೂಸಿಗೆ ಕುಲಾಯಿ ದೊಡ್ಡದಾಗುತ್ತದೋ ಏನೋ, ನಿಮ್ಮ ಮೈ ಎಷ್ಟು ಎಮ್ಮೆ ನಾರುತ್ತಿದೆ ಎಂದೆಲ್ಲ. ಗಾಳಿಗೆ ಅರ್ಧ ಮಾತು ಕೇಳಿಸದಿದ್ದರೂ ಜ್ಞಾನದೇವ ಎಲ್ಲದಕ್ಕೂ ಹೂಂಗುಟ್ಟಿದ.

ಏಕಸಂಬಿಯಲ್ಲಿ ಪೂಜೆ ಮುಗಿದು, ಹೆಸರಿಡುವುದೊಂದನ್ನು ಉಳಿಸಿಕೊಂಡು ಎಲ್ಲರೂ ಕಾದಿದ್ದರು. ಸುಂದರಾ ಕೈಕಾಲು ತೊಳೆದು ಬಂದು ಕೂಸನ್ನು ಎತ್ತಿಕೊಂಡು ಕಿವಿಯಲ್ಲಿ “ವಿಕ್ರಾಂತ” ಎಂದಳು. ಜ್ಞಾನದೇವನನ್ನು ಮಾತ್ರ ಸ್ನಾನ ಮಾಡುವವರೆಗೆ ಕೂಸಿನ ಹತ್ತಿರ ಯಾರೂ ಬಿಡಲಿಲ್ಲ. ಅವನು ಮಿಂದು, ಭಾವಮೈದುನನ ಅಂಗಿ ತೊಟ್ಟು ಹೊರಬಂದಾಗ ನಿಲೇಶ ಇಷ್ಟು ತಡವಾದದ್ದು ಯಾಕೆಂದು ಅಕ್ಕನನ್ನು ಕೇಳುತ್ತಿದ್ದ.

“ನಿಮ್ಮ ದಾಜಿ ಗಾಡಿಗೆ ಹೊಸಾ ಟೈರ್ ಹಾಕ್ಸಿದ್ವಿ,” ಎಂದಳು ಸುಂದರಾ.

ನಿಲೇಶ ಎದ್ದು ಅಂಗಳಕ್ಕೆ ಹೋದ. ಅವನ ಹಿಂದೆ ಹೆಂಡತಿ ಪೂನಮ ಕೂಸನ್ನು ಎತ್ತಿಕೊಂಡೇ ಹೋದಳು, ಬಂದ ಬೀಗರೂ ಒಬ್ಬೊಬ್ಬರಾಗಿ ಎದ್ದರು. ಎಲ್ಲರೂ ಗಾಡಿಯ ಸುತ್ತ ನಿಂತು, ಹೊಸ ಟೈರಿನ ಮೇಲೆ ಕೂದಲಿನಂತೆ ಎದ್ದಿದ್ದ ರಬ್ಬರಿನ ಎಳೆಗಳನ್ನು ಮುಟ್ಟಿ ನೋಡಿದರು.

“ಖರೇನ, ದಾಜಿ? ನೀವ ಹಾಕ್ಸಿದ್ರಿ?” ಎಂದು ನಿಲೇಶ ಭಾವನನ್ನು ಕೇಳಿದ.

ತುಸು ದೊಡ್ಡದಾದ ಅಂಗಿಯಲ್ಲಿ, ಒದ್ದೆ ತಲೆಯಲ್ಲಿ, ಹೊಸ ಮದುಮಗನ ಹಾಗೆ ನಾಚಿಕೊಂಡು ನಿಂತಿದ್ದ ಜ್ಞಾನದೇವ.

“ಇಲ್ಲಪಾ,” ಎಂದ. “ನಿಮ್ಮ ಅಕ್ಕ ಹಾಕ್ಸ್ಯಾಳ. ಚೊಲೋ ಐತಿ ನೋಡು.”