ಡಿಗ್ರಿ ಎಷ್ಟ್ ಬಂತವ್ವಾ?

ಹೃದಯದ ಆಪರೇಷನ್ನಿಗೆ ಕಾದಿದ್ದ ಮಕ್ಕಳಿಗೆ ರಕ್ತ ಸಾಲದೆ, ಕ್ಯಾತನಹಳ್ಳಿಯ ಹಾಲಿನ ಡೈರಿಯಲ್ಲೇ ನಾವು ಆಸ್ಪತ್ರೆಯವರು ರಕ್ತದಾನ ಶಿಬಿರ ಹಾಕಿದ್ದೆವು. ಮೊದಲು ಬಂದ ಸಿದ್ದೇಗೌಡರ ಬೆರಳು ಚುಚ್ಚಿ, ಒಂದು ಹನಿ ರಕ್ತ ಹಿಮೋಗ್ಲೋಬಿನ್ ಅಳೆಯುವ ಮಿಷನ್ನಿಗೆ ಹಾಕಿದೆ.

"ಡಿಗ್ರಿ ಎಷ್ಟ್ ಬಂತವ್ವಾ?" ಅಂದರು, ಡೈರಿಗೆ ಹಾಲು ಹಾಕಿ ಅದರ ಗಟ್ಟಿತನ ಕೇಳುವವರ ಹಾಗೆ.

ನಗು ತಡೆದುಕೊಂಡು "ಹದಿನೈದು, ಚೆನ್ನಾಗಿದೆ" ಅಂದೆ.

"ನೋಡ್ರಲಾ, ಒಂದ್ ತೊಟ್ಟು ನೀರ್ ಬೆರ್ಸಿಲ್ಲ!" ಅಂತ ಗೌಡರು ಸಾಲಿಗೆಲ್ಲ ಕೂಗಿದರು.

ಆಮೇಲೆ ಬಂದವರು, ದಿನಾ ಊರವರ ಹಾಲು ಪರೀಕ್ಷಿಸಿ, ಡಿಗ್ರಿ ಕಮ್ಮಿ ಅಂತ ವಾಪಸ್ ಕಳಿಸುವ ಡೈರಿ ಸೆಕ್ರೆಟರಿ. ಅವರಿಗೆ ಹನ್ನೊಂದೇ ಬಂತು.

"ಸಾರ್, ಹನ್ನೆರಡೂವರೆಯಾದ್ರೂ ಇರಬೇಕು, ನೀವು ಕೊಡೋ ಹಾಗಿಲ್ಲ."

ರಕ್ತ ಕಮ್ಮಿ ಅಂದರೂ ಮುಖ ಮಾತ್ರ ಕೆಂಪಗಾಯ್ತು. "ನಿಮ್ ಮಿಷನ್ನೇ ಸರಿಯಿಲ್ಲ ಕಣಮ್ಮಾ!"

"ದಿನಾ ನಾವು ಬಡ್ಕಳಾದೂ ಅದ್ನೇ ಅಲ್ವಾ ಸ್ವಾಮಿ!" ಅಂದರು ಗೌಡರು.

ಆಮೇಲೆ ಸುಮಾರು ಹೊತ್ತು ಕೆಲಸವೇ ಸಾಗಲಿಲ್ಲ. ನಗುತ್ತಾ ಕುಲುಕುವ ತೋಳಲ್ಲಿ ನರ ಎಲ್ಲಿ ಸಿಗಬೇಕು?